ಬಡಿದು ನೋಡುವ ಶಾಸ್ತ್ರ

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಪರೀಕ್ಷೆ ಹತ್ತಿರ ಬಂತೆಂದರೆ ಆ ಮನೆಯ ಟೀವಿ ಸದ್ದು ಇಳಿಯುತ್ತದೆ, ದೇವರ ಮನೆಯ ಗಂಟೆ ಸದ್ದು ಏರುತ್ತದೆ. ಪಕ್ಕದ ಮನೆಯಲ್ಲಿ ಈಚೆಗೆ ಗಂಟೆ ಜೋರಾಗಿಯೇ ಕೇಳಿಸುತ್ತಿತ್ತು. ಆ ಮನೆಯ ಹುಡುಗಿ ಇಸಿ ಬ್ರಾಂಚು, ನಾಲ್ಕನೇ ಸೆಮಿಸ್ಟರು. ಕೈಯಲ್ಲಿ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪುಸ್ತಕ ಹಿಡಿದು ಕಾಂಪೌಂಡಿನ ಉದ್ದಕ್ಕೂ ಶತಪಥ ತುಳಿಯುತ್ತಿದ್ದವಳು, ಈಚೆ ಬದಿ ಕರಿಬೇವಿಗೆ ನೀರು ಬಿಡುತ್ತಿದ್ದ ನನ್ನನ್ನು ಕಂಡು ನಿಂತಳು.

“ಅಂಕಲ್, ಈ ಕನ್ವಲ್ಯೂಷನ್ ಕಂಡುಹಿಡಿದೋರು ಯಾರು?”

“ಯಾಕಮ್ಮಾ?”

“ಅಡ್ರೆಸ್ ಬೇಕಿತ್ತು.”

ಟೆಲಿಫೋನ್ ಇಲಾಖೆಯಲ್ಲೇ ಕೂದಲು ಹಣ್ಣು ಮಾಡಿಕೊಂಡವನು ನಾನು. ಸಿಗ್ನಲ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿರುವ ಪೈಪಿನ ನೀರು ಯಾವ ಗಿಡಕ್ಕೆ ಹೋಗುತ್ತಿದೆ ಎನ್ನುವುದೂ ಮರೆತುಹೋಗುತ್ತದೆ. “ಏನು ಮಾಡ್ತೀಯ ಕನ್ವಲ್ಯೂಷನ್‌ನಲ್ಲಿ, ಹೇಳು ನೋಡೋಣ” ಅಂದೆ.

“ಎರಡು ಗ್ರಾಫ್ ಕೊಡ್ತಾರೆ. ಒಂದನ್ನ ಉಲ್ಟಾ ತಿರುಗಿಸ್ಬೇಕು. ಪಕ್ಕಕ್ಕೆ ಜರುಗಿಸ್ಬೇಕು. ಇನ್ನೊಂದರ ಜೊತೆ ಗುಣಿಸ್ಬೇಕು. ಬಂದಿದ್ದನ್ನೆಲ್ಲ ಕೂಡಿಸ್ಬೇಕು. ಆಮೇಲೆ ಮತ್ತೆ ಜರುಗಿಸ್ಬೇಕು.”

“ಉಲ್ಟಾ ಯಾಕೆ ತಿರುಗಿಸ್ಬೇಕು?”

“ತಿರುಗಿಸದಿದ್ರೆ ಮಾರ್ಕ್ಸ್ ಹೋಗುತ್ತೆ.”

ಈ ಉತ್ತರದಲ್ಲಿ ತಪ್ಪೇನೂ ಇಲ್ಲ. ನಮ್ಮಲ್ಲಿ ಬಹಳಷ್ಟು ಶಾಸ್ತ್ರಗಳು ಉಳಿದುಕೊಂಡು ಬಂದಿರುವುದೇ ಇಂಥ ಉತ್ತರಗಳ ಮೇಲೆ. ಆದರೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಎನ್ನುವುದು ‘ಯಾಕೆ’ ಎಂದು ಕೇಳಿದವರಿಗೆ ಮಾತ್ರ ಒಲಿಯುವ ಸಬ್ಜೆಕ್ಟು. ಕೇಳದವರಿಗೆ ಅದು ಗ್ರಾಫ್ ಶೀಟಿನ ಮೇಲೆ ನಡೆಯುವ ಕಸರತ್ತು.

ಪುಸ್ತಕಗಳಿಗೇನೂ ಬರವಿಲ್ಲ. ಎಂಐಟಿಯ ಆಪನ್‌ಹೈಮ್ ಮತ್ತು ವಿಲ್ಸ್‌ಕಿ ಬರೆದದ್ದು 1983ರಲ್ಲಿ ಬಂತು; ಪ್ರಪಂಚದ ಅರ್ಧ ಕಾಲೇಜುಗಳು ಅದನ್ನೇ ಹಿಡಿದುಕೊಂಡಿವೆ. ನಮ್ಮ ವಿಟಿಯು ಮಕ್ಕಳ ಕೈಗೆ ಸಿಗುವುದು ಹೇಕಿನ್ ಮತ್ತು ವ್ಯಾನ್ ವೀನ್. ಬಿ.ಪಿ. ಲಾಠಿ ಎನ್ನುವವರದು ಇನ್ನೊಂದಿದೆ. ಹೆಸರು ಲಾಠಿಯಾದರೂ ಹೊಡೆಯುವುದಿಲ್ಲ. ಫೋರಿಯರ್ ಯಾರು, ಹೆವಿಸೈಡ್ ಯಾರು ಎಂದು ನಡುನಡುವೆ ಕಥೆ ಹೇಳಿ ಸಮಾಧಾನ ಮಾಡುತ್ತದೆ. ಪಕ್ಕದ ಮನೆ ಹುಡುಗಿಯ ಕೈಯಲ್ಲಿದ್ದದ್ದು ಮಾತ್ರ ಈ ಯಾವುದೂ ಅಲ್ಲ. ಜೆರಾಕ್ಸ್ ಅಂಗಡಿಯವನು ಸ್ಪೈರಲ್ ಬೈಂಡ್ ಮಾಡಿಕೊಟ್ಟ ಪಾಸಿಂಗ್ ಪ್ಯಾಕೇಜ್. ಅದರಲ್ಲಿ ‘ಯಾಕೆ’ಗೆ ಜಾಗವಿರುವುದಿಲ್ಲ, ಪುಟಕ್ಕಿಷ್ಟು ದುಡ್ಡು ನೋಡಿ.

“ಮೊದಲನೇ ಮಾಡ್ಯೂಲಲ್ಲಿ ಏನು ಹೇಳಿದಾರೆ?” ಅಂದೆ.

“ಸಿಸ್ಟಮ್ ಲೀನಿಯರ್ರಾ, ಟೈಮ್ ಇನ್‌ವೇರಿಯೆಂಟಾ, ಚೆಕ್ ಮಾಡಿ ಅಂತಾರೆ.”

ಅಷ್ಟರಲ್ಲಿ ಅವರಜ್ಜಿ ಹಿತ್ತಿಲಿನಿಂದ ಒಂದು ಹಲಸಿನ ಹಣ್ಣನ್ನು ತಬ್ಬಿಕೊಂಡು ಬಂದು ಕಟ್ಟೆಯ ಮೇಲೆ ಇಳಿಸಿದರು. “ಏನೋ ಅದು ಲೀನಿಯರ್ರು?” ಎಂದು ನನ್ನ ಕಡೆ ತಿರುಗಿದರು.

“ಹೀಗೆ ಅಜ್ಜಿ. ಒಂದು ಕೊಟ್ರೆ ಒಂದು ಬರಬೇಕು. ಎರಡು ಕೊಟ್ರೆ ಎರಡು ಬರಬೇಕು. ಇಬ್ಬರು ಒಟ್ಟಿಗೆ ಕೊಟ್ರೆ ಇಬ್ಬರದ್ದೂ ಕೂಡಿ ಬರಬೇಕು. ಒಬ್ಬರದ್ದು ಇನ್ನೊಬ್ಬರದ್ದಕ್ಕೆ ಅಡ್ಡ ಬರಬಾರದು. ಅದು ಲೀನಿಯರ್ರು. ಇವತ್ತು ಕೊಟ್ಟಿದ್ದಕ್ಕೆ ಏನು ಬಂತೋ ನಾಳೆ ಕೊಟ್ರೂ ಅದೇ ಬರಬೇಕು. ಅದು ಟೈಮ್ ಇನ್‌ವೇರಿಯೆಂಟು.”

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. “ಹಾಗಾದ್ರೆ ಇವಳ ತಾತ ಎರಡೂ ಅಲ್ಲ. ಬೆಳಗ್ಗೆ ಒಂದು, ಸಾಯಂಕಾಲ ಒಂದು. ಎರಡು ಮಾತು ಆಡಿದ್ರೆ ಒಂದಕ್ಕೂ ಉತ್ತರ ಇರ್ತಿರಲಿಲ್ಲ.”

ತಾತನನ್ನು ಮಾತ್ರ ಯಾಕೆ ಅನ್ನಬೇಕು? ಇಡೀ ಬೀದಿಯಲ್ಲಿ ಹುಡುಕಿದರೂ ಈ ಪರೀಕ್ಷೆಯಲ್ಲಿ ಪಾಸಾಗುವವರು ಸಿಗುವುದಿಲ್ಲ. ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟರೆ ಒಂದು ಹಿಂಬರಹ ಸಿಗಬಹುದು. ಎರಡು ಕೊಟ್ಟರೆ ಎರಡೂ ಕಳೆದುಹೋಗುತ್ತವೆ. ಯಂತ್ರಗಳೂ ಸಾಚಾ ಅಲ್ಲ. ಗಣೇಶನ ಪೆಂಡಾಲಿನಲ್ಲಿ ಹುಡುಗರು ಆಂಪ್ಲಿಫೈಯರಿನ ವಾಲ್ಯೂಮನ್ನು ಕೊನೆಯ ತನಕ ತಿರುಗಿಸಿದರೆ ಹಾಡು ಎರಡು ಪಟ್ಟು ದೊಡ್ಡದಾಗುವುದಿಲ್ಲ, ಒಡೆದುಹೋಗುತ್ತದೆ. ಆಂಪ್ಲಿಫೈಯರ್ ತನಗೆ ಸಿಗುವ ಓಲ್ಟೇಜಿಗಿಂತ ಮೇಲೆ ಹೋಗಲಾರದೆ ಅಲೆಯ ತಲೆಯನ್ನೇ ಕತ್ತರಿಸಿಬಿಡುತ್ತದೆ. ಹೀಗೆ ಪೂರ್ತಿ ಲೀನಿಯರ್ ಆದದ್ದು ಜಗತ್ತಿನಲ್ಲಿ ಎಲ್ಲೂ ಇಲ್ಲದಿದ್ದರೂ, ಇದೆ ಎಂದುಕೊಂಡು ಹೊರಡುವುದೇ ಈ ಶಾಸ್ತ್ರದ ಜಾಣತನ. ಮಿತಿಯೊಳಗೆ ಇಟ್ಟುಕೊಂಡರೆ ಆಂಪ್ಲಿಫೈಯರು, ತಂತಿ, ಕೋಣೆ, ಸ್ಪೀಕರು ಎಲ್ಲವೂ ಹೆಚ್ಚುಕಡಿಮೆ ಲೀನಿಯರ್ರಾಗಿಯೇ ನಡೆದುಕೊಳ್ಳುತ್ತವೆ. ಹಾಗೆ ಒಪ್ಪಿಕೊಂಡ ಮೇಲೆ ಸಿಗುವ ಲಾಭ ಮಾತ್ರ ಅಪಾರ.

ಆ ಲಾಭವನ್ನು ತೋರಿಸಿಕೊಟ್ಟವರು ಅಜ್ಜಿಯೇ. ಹಲಸಿನ ಹಣ್ಣಿನ ಪಕ್ಕ ಕೂತು ಬೆರಳಿನ ಗೆಣ್ಣಿನಿಂದ ಟಕ್ ಎಂದು ಬಡಿದರು. ಕಿವಿಗೊಟ್ಟರು. “ಹಣ್ಣಾಗಿದೆ. ಕೊಯ್ಯಬಹುದು” ಎಂದರು.

“ನೋಡಮ್ಮಾ” ಅಂದೆ ಹುಡುಗಿಗೆ. “ನಿಮ್ಮಜ್ಜಿ ಈಗ ಎರಡನೇ ಮಾಡ್ಯೂಲ್ ಮುಗಿಸಿದ್ರು.”

ಹಣ್ಣನ್ನು ಕೊಯ್ಯದೆ ಒಳಗೇನಿದೆ ಎಂದು ತಿಳಿಯಲು ಅಜ್ಜಿ ಮಾಡಿದ್ದು ಒಂದೇ ಒಂದು ಪೆಟ್ಟು. ಚಿಕ್ಕದು, ಚುರುಕಾದದ್ದು. ಆ ಪೆಟ್ಟಿಗೆ ಹಣ್ಣು ಕೊಟ್ಟ ಸದ್ದಿನಲ್ಲಿ ಅದರ ಜಾತಕವೆಲ್ಲ ಇತ್ತು. ಕಾಯಿಯಾಗಿದ್ದರೆ ಟಣ್ ಎನ್ನುತ್ತಿತ್ತು, ಹಣ್ಣಾದದ್ದಕ್ಕೆ ಡಬ್ ಎಂದಿತು. ಎಂಜಿನಿಯರ್‌ಗಳು ಈ ಪೆಟ್ಟಿಗೆ ಇಂಪಲ್ಸ್ ಎನ್ನುತ್ತಾರೆ, ಬಂದ ಸದ್ದಿಗೆ ಇಂಪಲ್ಸ್ ರೆಸ್ಪಾನ್ಸ್ ಎನ್ನುತ್ತಾರೆ. ಸಿಸ್ಟಮ್ ಲೀನಿಯರ್ ಮತ್ತು ಟೈಮ್ ಇನ್‌ವೇರಿಯೆಂಟ್ ಆಗಿದ್ದರೆ ಇದೊಂದು ಉತ್ತರ ಸಾಕು. ನಾಳೆ ಅದಕ್ಕೆ ಏನು ಕೊಟ್ಟರೂ ಏನು ಬರುತ್ತದೆಂದು ಮೊದಲೇ ಲೆಕ್ಕ ಹಾಕಿ ಹೇಳಬಹುದು.

ಪುಸ್ತಕದಲ್ಲಿ ಬರುವ ಇಂಪಲ್ಸ್ ಇನ್ನೂ ವಿಚಿತ್ರವಾದದ್ದು. ಅಗಲ ಸೊನ್ನೆ, ಎತ್ತರ ಅನಂತ, ವಿಸ್ತೀರ್ಣ ಮಾತ್ರ ಸರಿಯಾಗಿ ಒಂದು. ಇದಕ್ಕೆ ಡಿರಾಕ್ ಡೆಲ್ಟಾ ಎಂದು ಹೆಸರು. ಆ ಪಾಲ್ ಡಿರಾಕ್ ಯಾರೆಂದುಕೊಂಡಿರಿ? 1933ರಲ್ಲಿ ಭೌತಶಾಸ್ತ್ರಕ್ಕೆ ನೊಬೆಲ್ ಪಡೆದ ಮಹಾಮೌನಿ. ಆದರೆ ಅವರ ಮೊದಲ ಡಿಗ್ರಿ ಬ್ರಿಸ್ಟಲ್‌ನಲ್ಲಿ ಪಡೆದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್. 1921ರಲ್ಲಿ ಡಿಗ್ರಿ ಕೈಗೆ ಬಂತು, ಕೆಲಸ ಸಿಗಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲಿನ ಮುಗ್ಗಟ್ಟಿನ ಕಾಲ. ಬೇರೆ ದಾರಿ ಕಾಣದೆ ಗಣಿತ ಓದಲು ಹೋದರು. ಪ್ಲೇಸ್‌ಮೆಂಟ್ ಆಗದ ಮಕ್ಕಳ ತಾಯಂದಿರಿಗೆ ನಾನು ಈ ಕಥೆಯನ್ನು ತಪ್ಪದೆ ಹೇಳುತ್ತೇನೆ. ಅವರಿಗೆ ಅದರಿಂದ ಸಮಾಧಾನವಾದಂತೆ ಕಾಣುವುದಿಲ್ಲ.

“ಸರಿ ಅಂಕಲ್, ಬಡಿದಿದ್ದು ಗೊತ್ತಾಯ್ತು. ಉಲ್ಟಾ ತಿರುಗಿಸೋದು?”

ಹುಡುಗಿ ಬಿಡುವವಳಲ್ಲ. ಒಳ್ಳೆಯದೇ. “ವಿಜಯಪುರದ ಗೋಲ್‌ಗುಮ್ಮಟಕ್ಕೆ ಹೋಗಿದ್ದೀಯಾ?” ಅಂದೆ.

“ಹೈಸ್ಕೂಲ್ ಟ್ರಿಪ್ಪಲ್ಲಿ. ಎಲ್ಲರೂ ಚಪ್ಪಾಳೆ ಹೊಡೆದು ಹೊಡೆದು ಮಿಸ್ ಕೈಲಿ ಬೈಸಿಕೊಂಡ್ವಿ.”

ಮೊಹಮ್ಮದ್ ಆದಿಲ್‌ಶಾಹನ ಸಮಾಧಿಯಾಗಿ 1656ರ ಹೊತ್ತಿಗೆ ಎದ್ದು ನಿಂತ ಆ ಗುಮ್ಮಟದ ಒಳಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟುವ ಪ್ರತಿಯೊಬ್ಬ ಪ್ರವಾಸಿಯೂ ತನಗೆ ಗೊತ್ತಿಲ್ಲದೆ ಅದರ ಇಂಪಲ್ಸ್ ರೆಸ್ಪಾನ್ಸ್ ಅಳೆಯುತ್ತಿರುತ್ತಾನೆ. ಒಳಗಿನ ವ್ಯಾಸ ಸುಮಾರು 38 ಮೀಟರು. ಸದ್ದು ಎದುರು ಗೋಡೆಗೆ ಹೋಗಿ ಬರಲು ಸೆಕೆಂಡಿನ ಐದರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಒಂದು ಚಪ್ಪಾಳೆ ಏಳು ಸಲ ಮರುಕಳಿಸುತ್ತದೆ ಎಂದು ಗೈಡುಗಳು ಹೇಳುತ್ತಾರೆ. ಪ್ರತಿ ಸಲವೂ ಹಿಂದಿನದಕ್ಕಿಂತ ಸಣ್ಣಗೆ.

“ಈಗ ಅಲ್ಲಿ ನಿಂತು ಚಪ್ಪಾಳೆ ಬದಲು ‘ಗೋ-ವಿಂ-ದಾ’ ಅಂತ ಬಿಡಿಬಿಡಿಯಾಗಿ ಕೂಗು. ಒಂದೊಂದು ಅಕ್ಷರಕ್ಕೂ ಅದರದ್ದೇ ಪ್ರತಿಧ್ವನಿಗಳ ಸಾಲು ಇರುತ್ತೆ, ಅಲ್ವಾ? ‘ದಾ’ ನಿನ್ನ ಬಾಯಿಂದ ಹೊರಡೋ ಹೊತ್ತಿಗೆ ಕಿವಿಗೆ ಏನೇನು ಬೀಳುತ್ತೆ? ‘ದಾ’ ಆಗತಾನೇ ಹುಟ್ಟಿದ್ದು, ಜೋರಾಗಿರುತ್ತೆ. ಅದಕ್ಕಿಂತ ಮುಂಚೆ ಹೊರಟ ‘ವಿಂ’ ಒಂದು ಸುತ್ತು ಮುಗಿಸಿ ಮೆತ್ತಗಾಗಿರುತ್ತೆ. ಎಲ್ಲಕ್ಕಿಂತ ಮುಂಚೆ ಹೊರಟ ‘ಗೋ’ ಎರಡು ಸುತ್ತು ಮುಗಿಸಿ ಇನ್ನೂ ಸಣ್ಣಗಾಗಿರುತ್ತೆ. ಮೂರೂ ಕೂಡಿದ್ದೇ ಆ ಕ್ಷಣದಲ್ಲಿ ನಿನಗೆ ಕೇಳಿಸೋ ಸದ್ದು. ಪ್ರತಿಧ್ವನಿಗಳನ್ನ ಮೊದಲನೇದು, ಎರಡನೇದು, ಮೂರನೇದು ಅಂತ ಸಾಲಾಗಿ ಬರಕೋ. ಅವುಗಳ ಕೆಳಗೆ ಅಕ್ಷರಗಳನ್ನ ಬರಿ. ಯಾವ ಸಾಲು ಬಂತು?”

ಅವಳು ಪಾಸಿಂಗ್ ಪ್ಯಾಕೇಜಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದಳು. “ದಾ... ವಿಂ... ಗೋ.” ಆಮೇಲೆ ತಲೆಯೆತ್ತಿದಳು. “ಉಲ್ಟಾ ಆಯ್ತು!”

“ಅಷ್ಟೇ. ತೀರ ಈಚಿನದಕ್ಕೆ ಮೊದಲನೇ ಪ್ರತಿಧ್ವನಿ, ಹಳೇದಕ್ಕೆ ಕೊನೇದು. ಹಳೇದರಿಂದ ಹೊಸದರ ಕಡೆಗೆ ಓದೋದನ್ನ ಬಿಟ್ಟು ಹೊಸದರಿಂದ ಹಳೇದರ ಕಡೆಗೆ ಓದಬೇಕು. ಅದಕ್ಕೇ ತಿರುಗಿಸೋದು. ಮುಂದಿನ ಕ್ಷಣದಲ್ಲಿ ಏನು ಕೇಳಿಸುತ್ತೆ ಅಂತ ಬೇಕಾದ್ರೆ ಒಂದು ಮನೆ ಜರುಗಿಸು. ಗುಣಿಸು, ಕೂಡು. ಕನ್ವಲ್ಯೂಷನ್ ಅಂದ್ರೆ ಇದೇ.”

“ಗೋವಿಂದನ್ನ ಉಲ್ಟಾ ಹೇಳಬೇಡ್ವೇ” ಎಂದರು ಅಜ್ಜಿ, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ.

ಹುಡುಗಿಗೆ ಹುಮ್ಮಸ್ಸು ಬಂದಿತ್ತು. ಪುಟ ಮಗುಚಿದಳು. “ಮುಂದಿನದು ಫೋರಿಯರ್. ಎಲ್ಲಾ ಸಿಗ್ನಲ್ಲನ್ನೂ ಸೈನು, ಕೊಸೈನು ಮಾಡಿ ಒಡೀರಿ ಅಂತಾರೆ. ಯಾಕೆ ಸೈನೇ? ಚೌಕ ಇಲ್ವಾ, ತ್ರಿಕೋನ ಇಲ್ವಾ?”

ಈ ಪ್ರಶ್ನೆಯನ್ನು ಅವಳೇ ಕೇಳಿದಳು ಎನ್ನುವುದನ್ನು ಗಮನಿಸಿ. ಒಂದು ‘ಯಾಕೆ’ಗೆ ಉತ್ತರ ಸಿಕ್ಕಿದರೆ ಎರಡನೆಯದು ತಾನಾಗಿ ಹುಟ್ಟುತ್ತದೆ. ಇಡೀ ಸಬ್ಜೆಕ್ಟಿನ ಬೀಗದ ಕೈ ಇರುವುದೂ ಈ ಪ್ರಶ್ನೆಯಲ್ಲೇ.

ಗುಮ್ಮಟದೊಳಗೆ ಚೌಕಾಕಾರದ ಅಲೆಯನ್ನು ಕಳಿಸಿದರೆ ಅದು ಆಕಾರ ಕೆಟ್ಟು ಹೊರಬರುತ್ತದೆ. ತ್ರಿಕೋನವೂ ಅಷ್ಟೇ. ಸೈನ್ ಅಲೆಗೆ ಮಾತ್ರ ಇದಾಗುವುದಿಲ್ಲ. ಲೀನಿಯರ್ ಮತ್ತು ಟೈಮ್ ಇನ್‌ವೇರಿಯೆಂಟ್ ಆದ ಯಾವ ಸಿಸ್ಟಮ್ಮಿಗೆ ಕೊಟ್ಟರೂ ಸೈನ್ ಸೈನಾಗಿಯೇ, ಅದೇ ಫ್ರೀಕ್ವೆನ್ಸಿಯಲ್ಲೇ ಹೊರಬರುತ್ತದೆ. ಸದ್ದು ಹೆಚ್ಚಬಹುದು, ಕಡಿಮೆಯಾಗಬಹುದು, ಸ್ವಲ್ಪ ತಡವಾಗಬಹುದು. ಅಷ್ಟನ್ನು ಬಿಟ್ಟು ಸಿಸ್ಟಮ್ ಅದಕ್ಕೆ ಇನ್ನೇನೂ ಮಾಡಲಾರದು. ಹಾಗಾಗಿ ಯಾವ ಸಿಗ್ನಲ್ಲೇ ಇರಲಿ, ಅದನ್ನು ಸೈನ್‌ಗಳಾಗಿ ಒಡೆದರೆ, ಕನ್ವಲ್ಯೂಷನ್ನಿನ ತಿರುಗಿಸು-ಜರುಗಿಸು ಪಾಡೆಲ್ಲ ತಪ್ಪಿ ಬರೀ ಗುಣಾಕಾರ ಉಳಿಯುತ್ತದೆ. ಫೋರಿಯರ್ ಕಲಿಸುವುದು ಈ ಸೋಮಾರಿತನಕ್ಕಾಗಿ. ಇದನ್ನು ಮೊದಲ ದಿನವೇ ಹೇಳಿದ್ದರೆ ಎಷ್ಟು ಮಕ್ಕಳು ಹಿಂದಿನ ಬೆಂಚಿನಿಂದ ಮುಂದಕ್ಕೆ ಬರುತ್ತಿದ್ದರೋ.

ಫೋರಿಯರ್ ಕಥೆಯೂ ಹರಟೆಗೆ ಹೇಳಿ ಮಾಡಿಸಿದ್ದೇ. ಫ್ರಾನ್ಸಿನವನು, 1768ರಲ್ಲಿ ಹುಟ್ಟಿದವನು. ನೆಪೋಲಿಯನ್ ಜೊತೆ 1798ರಲ್ಲಿ ಈಜಿಪ್ಟಿಗೆ ಹೋದ. ವಾಪಸು ಬಂದ ಮೇಲೆ ನೆಪೋಲಿಯನ್ ಅವನನ್ನು ಗ್ರೆನೋಬಲ್‌ನಲ್ಲಿ ಪ್ರಿಫೆಕ್ಟ್ ಮಾಡಿ ಕೂರಿಸಿದ. ನಮ್ಮ ಲೆಕ್ಕದಲ್ಲಿ ಜಿಲ್ಲೆಯ ಡಿಸಿ. ರಸ್ತೆ, ಕಂದಾಯ, ಜೌಗು ನೆಲದ ನೀರು ಬಸಿಯುವ ಕೆಲಸದ ನಡುವೆ ಶಾಖ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುತ್ತಾ ಕೂತ. 1807ರಲ್ಲಿ ಪ್ಯಾರಿಸ್ಸಿಗೆ ಪ್ರಬಂಧ ಕಳಿಸಿದ. ಪರಿಶೀಲಿಸಿದವರಲ್ಲಿ ಲಗ್ರಾಂಜ್, ಲಾಪ್ಲಾಸ್ ಇದ್ದರು. ಮೂಲೆಯಿರುವ ಚೌಕಾಕಾರವನ್ನು ನುಣುಪಾದ ಸೈನ್‌ಗಳಿಂದ ಕಟ್ಟುವುದೆಂದರೇನು ಎಂದು ಲಗ್ರಾಂಜ್ ಸುತರಾಂ ಒಪ್ಪಲಿಲ್ಲ. ಪುಸ್ತಕ ಹೊರಬಂದದ್ದು 1822ರಲ್ಲಿ.

ಲಗ್ರಾಂಜ್ ಮೊಂಡನೂ ಅಲ್ಲ. ಚೌಕದ ಅಲೆಯನ್ನು ಎಷ್ಟೇ ಸೈನ್ ಕೂಡಿಸಿ ಕಟ್ಟಿದರೂ ಜಿಗಿತದ ಮೂಲೆಯಲ್ಲಿ ಒಂದು ಕೊಂಬು ಉಳಿದೇ ಉಳಿಯುತ್ತದೆ, ಜಿಗಿತದ ಎತ್ತರದ ಸುಮಾರು ಶೇ. 9ರಷ್ಟು. ಸೈನ್‌ಗಳನ್ನು ಹೆಚ್ಚಿಸಿದಂತೆ ಕೊಂಬು ತೆಳ್ಳಗಾಗುತ್ತದೆ, ಗಿಡ್ಡಗಾಗುವುದಿಲ್ಲ. ಇದಕ್ಕೆ ಗಿಬ್ಸ್ ಹೆಸರಿದೆ. ಆತ ಬರೆದದ್ದು 1899ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ, 1848ರಲ್ಲಿ, ವಿಲ್‌ಬ್ರಹಾಂ ಎಂಬಾತ ಇದನ್ನು ಬರೆದಿಟ್ಟಿದ್ದ. ಯಾರೂ ಓದಲಿಲ್ಲ. ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು ಎನ್ನುವುದು ನಮ್ಮ ಇಲಾಖೆಯಲ್ಲಿ ಮಾತ್ರ ಅಲ್ಲ.

“ಇದೆಲ್ಲ ಫಾರಿನ್ನವರ ಕಥೆ ಆಯ್ತು. ನಮ್ಮವರು ಯಾರೂ ಇಲ್ವಾ?” ಎಂದರು ಅಜ್ಜಿ.

ಇದ್ದಾರೆ. ಸಾಧಾರಣ ಡೋಲು, ನಗಾರಿಯಂಥ ಚರ್ಮವಾದ್ಯ ಬಾರಿಸಿದರೆ ಅದರಲ್ಲಿ ಹುಟ್ಟುವ ಫ್ರೀಕ್ವೆನ್ಸಿಗಳು ಒಂದಕ್ಕೊಂದು ಹೊಂದುವುದಿಲ್ಲ; ಅದಕ್ಕೇ ಅದು ಸದ್ದು, ಸ್ವರವಲ್ಲ. ಮೃದಂಗ, ತಬಲಗಳು ಮಾತ್ರ ಶ್ರುತಿಗೆ ನಿಲ್ಲುತ್ತವೆ. ಯಾಕೆ ಎಂದು ಕೇಳಿದವರು ಸಿ.ವಿ. ರಾಮನ್. ಕಲ್ಕತ್ತೆಯಲ್ಲಿದ್ದಾಗ 1920ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದ ಮೇಲೆ 1934ರಲ್ಲಿ ವಿಸ್ತಾರವಾಗಿ ಬರೆದರು. ನಡುವೆ ಮೆತ್ತಿದ ಕಪ್ಪು ಕರಣೆಯ ತೂಕದಿಂದ ಆ ಫ್ರೀಕ್ವೆನ್ಸಿಗಳು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಲೆಕ್ಕಕ್ಕೆ ಬಂದು ಕೂರುತ್ತವೆ ಎಂದು ತೋರಿಸಿದರು. ಫೋರಿಯರ್ ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಯಾವನೋ ಮೃದಂಗ ಕಟ್ಟುವವನು ಕಿವಿಯಲ್ಲೇ ಆ ಲೆಕ್ಕ ಮಾಡಿ ಮುಗಿಸಿದ್ದ.

ಕೊನೆಗೆ ಸ್ಯಾಂಪ್ಲಿಂಗ್ ಬಂತು. ಇದು ನನ್ನ ಹೊಲ, ನಾನು ಬಿಡುತ್ತೇನೆಯೇ? “ಅಜ್ಜಿ, ಹಳೇ ಪೌರಾಣಿಕ ಸಿನಿಮಾದಲ್ಲಿ ರಥ ಮುಂದಕ್ಕೆ ಓಡುತ್ತೆ, ಚಕ್ರದ ಕಡ್ಡಿ ಹಿಂದಕ್ಕೆ ತಿರುಗುತ್ತೆ, ನೋಡಿದ್ದೀರಾ?”

“ಹ್ಞೂಂ, ಅದೇನೋ ಮಾಯೆ ಅಂದ್ಕೊಂಡಿದ್ದೆ.”

ಮಾಯೆಯಲ್ಲ, ಸ್ಯಾಂಪಲ್ ಸಾಲದೆ ಬಂದ ಮೋಸ. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ಹಿಡಿಯುತ್ತದೆ. ಎರಡು ಚಿತ್ರಗಳ ನಡುವೆ ಚಕ್ರದ ಒಂದು ಕಡ್ಡಿ ಮುಂದಿನ ಕಡ್ಡಿಯ ಜಾಗಕ್ಕೆ ಇನ್ನೇನು ತಲುಪುವಷ್ಟು ತಿರುಗಿದ್ದರೆ, ಕಣ್ಣಿಗೆ ಅದು ತುಸು ಹಿಂದೆ ಸರಿದಂತೆ ಕಾಣುತ್ತದೆ. ಪುಸ್ತಕದಲ್ಲಿ ಇದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ. ಸಿಗ್ನಲ್ಲಿನಲ್ಲಿರುವ ಅತಿ ಹೆಚ್ಚಿನ ಫ್ರೀಕ್ವೆನ್ಸಿಯ ಎರಡು ಪಟ್ಟಿಗಿಂತ ಹೆಚ್ಚು ಸಲ ಸ್ಯಾಂಪಲ್ ತೆಗೆದರೆ ಮೋಸವಿಲ್ಲ. 1928ರಲ್ಲಿ ನೈಕ್ವಿಸ್ಟ್ ಟೆಲಿಗ್ರಾಫ್ ತಂತಿಯ ಲೆಕ್ಕದಲ್ಲಿ ಇದರ ಸುಳಿವು ಕೊಟ್ಟ, 1949ರಲ್ಲಿ ಶಾನನ್ ಕಟ್ಟುನಿಟ್ಟಾಗಿ ಹೇಳಿದ.

ಟೆಲಿಫೋನಿನವರು ಜಿಪುಣರು. ಮನುಷ್ಯನ ಕಿವಿಗೆ 20,000 ಹರ್ಟ್ಸ್‌ವರೆಗೆ ಕೇಳಿಸಿದರೂ, ಮಾತು ಅರ್ಥವಾದರೆ ಸಾಕೆಂದು 300ರಿಂದ 3,400ಕ್ಕೆ ಕತ್ತರಿಸಿಬಿಟ್ಟರು. ಸೆಕೆಂಡಿಗೆ 8,000 ಸ್ಯಾಂಪಲ್, ಒಂದೊಂದಕ್ಕೆ 8 ಬಿಟ್, ಒಟ್ಟು 64,000 ಬಿಟ್. ಹಾಡು ಕೇಳುವ ಸಿಡಿಗೆ 44,100 ಸ್ಯಾಂಪಲ್. ‘ಸ’ಕಾರದ ಸೀಟಿಯೆಲ್ಲ ಇರುವುದು 3,400ರ ಮೇಲೆ, ಹಾಗಾಗಿಯೇ ಲ್ಯಾಂಡ್‌ಲೈನಿನಲ್ಲಿ ‘ಸ’ಕ್ಕೂ ‘ಫ’ಕ್ಕೂ ವ್ಯತ್ಯಾಸ ತಿಳಿಯದೆ, ಹೆಸರು ಹೇಳುವಾಗ ಒಂದೊಂದಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು. ಸಿ-ಡಾಟ್ ಸಂಸ್ಥೆ ತಯಾರಿಸಿದ 128 ಲೈನಿನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ 1986ರಲ್ಲಿ ಬಂದು ಕೂತದ್ದು ನಮ್ಮ ಕಿತ್ತೂರಿನಲ್ಲಿ. ಅಲ್ಲಿನವರ ಮಾತೂ ಸೆಕೆಂಡಿಗೆ 8,000 ತುಂಡಾಗಿ ಹೋಗಿ ಆಚೆ ತುದಿಯಲ್ಲಿ ಮತ್ತೆ ಮಾತಾಯಿತು. ಆ ತುದಿಯಲ್ಲಿ ಕೇಳಿಸಿಕೊಂಡವರು ಯಾರೂ ಶಾನನ್‌ನನ್ನು ನೆನೆಯಲಿಲ್ಲ. ನೆನೆಯಬೇಕಾಗಿಯೂ ಇಲ್ಲ.

“ಅಂಕಲ್, ಇದ್ಯಾವುದೂ ಪರೀಕ್ಷೆಗೆ ಬರಲ್ಲ” ಎಂದಳು ಹುಡುಗಿ, ಗಡಿಯಾರ ನೋಡುತ್ತಾ. ಅವಳ ಅಮ್ಮ ಒಳಗಿಂದ ಎರಡು ಸಲ ಕೂಗಿಯಾಗಿತ್ತು.

ನಿಜ. ಐದು ಮಾಡ್ಯೂಲು, ಒಂದೊಂದರಿಂದ ಒಂದು ಪೂರ್ತಿ ಪ್ರಶ್ನೆ. ಎಕ್ಸ್ ಆಫ್ ಮೈನಸ್ ಎರಡು ಟಿ ಪ್ಲಸ್ ಮೂರರ ಗ್ರಾಫ್ ಬರೆಯಿರಿ ಎನ್ನುತ್ತಾರೆ. ಮೊದಲು ಮೂರು ಮನೆ ಎಡಕ್ಕೆ ಜರುಗಿಸಿ, ಆಮೇಲೆ ಕುಗ್ಗಿಸಿ, ತಿರುಗಿಸಿ. ಈ ಕ್ರಮ ತಪ್ಪಿದರೆ ಉತ್ತರವೂ ತಪ್ಪು. ಇದನ್ನು ಕಲಿಯಬೇಡಿ ಎಂದು ನಾನು ಹೇಳುವುದಿಲ್ಲ. ಮೃದಂಗ ಕಲಿಯುವವನೂ ತ-ದಿ-ತೊಂ-ನಂ ಸಾಧಕ ಮಾಡಲೇಬೇಕು. ಆದರೆ ಮೃದಂಗದ ಮೇಷ್ಟ್ರು ಮೊದಲು ಒಂದು ಪೆಟ್ಟು ಬಾರಿಸಿ ನಾದ ಕೇಳಿಸುತ್ತಾರೆ. ನಮ್ಮ ಕ್ಲಾಸುಗಳಲ್ಲಿ ನಾದ ಕೇಳಿಸುವುದಕ್ಕೆ ಮೊದಲೇ ಸಾಧಕ ಶುರುವಾಗಿ, ಸಾಧಕದಲ್ಲೇ ಸೆಮಿಸ್ಟರ್ ಮುಗಿಯುತ್ತದೆ.

ಈ ಸಬ್ಜೆಕ್ಟು ಕಷ್ಟ ಎನ್ನುವವರಿಗೆ ನನ್ನದೊಂದು ತಕರಾರಿದೆ. ಇದರಲ್ಲಿ ಬರುವ ಗಣಿತ ಬಹುಪಾಲು ಪಿಯುಸಿಯ ಇಂಟಿಗ್ರೇಷನ್ನು, ಕೂಡುವ ಲೆಕ್ಕ ಮತ್ತು ಕಾಂಪ್ಲೆಕ್ಸ್ ನಂಬರು. ಸಿಇಟಿ ಬರೆದು ಬಂದ ಮಕ್ಕಳಿಗೆ ಅದು ಭಾರವಲ್ಲ. ಎಲ್ಲರೂ ‘ಹೇಗೆ’ ಎನ್ನುವುದನ್ನು ಹೇಳಿ ‘ಯಾಕೆ’ ಎನ್ನುವುದನ್ನು ಹೇಳದೆ ಬಿಟ್ಟದ್ದೇ ಭಾರ. ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೇ: ಮೊದಲನೇ ಕ್ಲಾಸಿನಲ್ಲಿ ಡಸ್ಟರ್ ತೆಗೆದುಕೊಂಡು ಟೇಬಲ್ಲಿಗೆ ಒಂದು ಸಲ ಬಡಿಯಿರಿ. ಇಂಪಲ್ಸ್ ಇದು, ಕೋಣೆ ಕೊಟ್ಟ ಉತ್ತರ ಇದು ಎನ್ನಿ. ಯಾಕೆ ಸೈನೇ ಎನ್ನುವುದನ್ನು ಎರಡನೇ ಕ್ಲಾಸಿನಲ್ಲಿ ಹೇಳಿ. ಆಮೇಲೆ ಬೇಕಾದಷ್ಟು ಗ್ರಾಫ್ ಬರೆಸಿ, ಯಾರೂ ಬೇಡ ಎನ್ನುವುದಿಲ್ಲ. ಮಕ್ಕಳೇ, ಮೇಷ್ಟ್ರು ಹೇಳದಿದ್ದರೆ ಎದ್ದು ನಿಂತು ನೀವೇ ಕೇಳಿ. ಇಂಟರ್ನಲ್ಸ್‌ನಲ್ಲಿ ಒಂದೆರಡು ಮಾರ್ಕ್ಸ್ ಹೋದರೂ ಚಿಂತೆಯಿಲ್ಲ, ಸಬ್ಜೆಕ್ಟು ಉಳಿಯುತ್ತದೆ.